ಕೈ ಎತ್ತದೆ ಗೆದ್ದವರು

ಮೊನ್ನೆ ತಿಪಟೂರಿನಿಂದ ಕಿಬ್ಬನಹಳ್ಳಿಗೆ ಬರುವ ಬಸ್ಸಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆಯಿಂದ ಯಾರೋ ಏನನ್ನೋ ಒತ್ತಾಯ ಮಾಡುತ್ತಿದ್ದರೆಂದು ಕಾಣುತ್ತದೆ. ಇವಳು ಇದ್ದಕ್ಕಿದ್ದಂತೆ “ನೋ ವೇ!” ಎಂದಳು. ಮತ್ತೆ ಗಟ್ಟಿಯಾಗಿ “ನೋ ವೇ, ನೋ ವೇ!” ಎಂದು ಫೋನನ್ನು ಬ್ಯಾಗಿಗೆ ಹಾಕಿ ಕಿಟಕಿಯಾಚೆಯ ತೆಂಗಿನ ತೋಟ ನೋಡುತ್ತ ಕೂತಳು. ಅವಳ ಮುಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ಗಾಬರಿಯಿಂದ ತಿರುಗಿದರು.

“ಯಾಕವ್ವಾ, ಮುಂದೆ ರೋಡ್ ಕಿತ್ತಾಕವ್ರಾ? ಬಸ್ ಹೋಗಕಿಲ್ವಾ?”

ಹುಡುಗಿ ನಕ್ಕಳು. “ಬಸ್ ಹೋಗುತ್ತೆ ತಾತ. ಮದುವೆಗೆ ಬರಲ್ಲ ಅಂತ ಹೇಳ್ದೆ, ಅಷ್ಟೆ.”

ರಸ್ತೆ ಕಿತ್ತುಹೋಗಿದ್ದರೂ ಅವರಿಗೆ ಅಷ್ಟು ಆಘಾತವಾಗುತ್ತಿರಲಿಲ್ಲ. “ಬರಲ್ಲ ಅಂದ್ಬುಟ್ಯಾ? ಹಂಗೆಲ್ಲ ಯಾರಾದ್ರೂ ಅಂತಾರೇನವ್ವಾ! ಬತ್ತೀನಿ ಅನ್ನು, ಹೋಗ್ಬ್ಯಾಡ. ಅಷ್ಟೆಯ” ಎಂದರು.

ನಾನು ಪಕ್ಕದ ಸೀಟಿನಲ್ಲಿ ಕೂತು ಇಬ್ಬರನ್ನೂ ನೋಡಿದೆ. ನನ್ನ ಐವತ್ತಮೂರು ವರ್ಷದ ಬಾಳು ಆ ಹಿರಿಯರ ಪಾಠದ ಪ್ರಕಾರವೇ ನಡೆದದ್ದು. ಆ ಹುಡುಗಿಯ ಮಾತನ್ನು ಕಲಿಯಲು ಹೋಗಿ ನಾನು ಮಾಡಿಕೊಂಡ ಫಜೀತಿಯೂ ಒಂದಿದೆ. ಅದನ್ನೇ ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ನೀವು ನಮ್ಮ ಕಡೆಯವರಲ್ಲದಿದ್ದರೆ ಮೊದಲು ಒಂದಷ್ಟು ವ್ಯಾಕರಣ ತಿಳಿದುಕೊಳ್ಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ‘ನೋಡಾನ ಬುಡು’ ಎಂದರೆ ಆಗುವುದಿಲ್ಲ ಎಂದರ್ಥ. ‘ಅದ್ಕೇನಂತೆ, ಮಾಡಾನ’ ಎಂದರೆ ಖಂಡಿತ ಆಗುವುದಿಲ್ಲ. ‘ನಿಮ್ಗೆ ಇಲ್ಲ ಅಂತೀನಾ!’ ಎಂದು ಯಾರಾದರೂ ಎದೆ ಮುಟ್ಟಿಕೊಂಡು ಹೇಳಿದರೆ ನೀವು ಆ ಆಸೆ ಬಿಟ್ಟು ಮನೆಗೆ ಹೋಗುವುದು ಒಳ್ಳೆಯದು. ಇಷ್ಟೆಲ್ಲ ದಾರಿಗಳಿರುವಾಗ ಎದುರಿಗಿರುವವರ ಮುಖಕ್ಕೆ ‘ಇಲ್ಲ’ ಎಂದು ಒರಟಾಗಿ ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಕಷ್ಟವೇನೆಂದರೆ, ಮಿಕ್ಕವರು ‘ಮಾಡಾನ’ ಎಂದು ಹೇಳಿ ಮಾಡದೆ ಇರುತ್ತಾರೆ. ನಾನು ‘ಮಾಡಾನ’ ಎಂದರೆ ಮಾಡಿಬಿಡುತ್ತಿದ್ದೆ. ನನಗೆ ಅರ್ಧ ವ್ಯಾಕರಣವಷ್ಟೇ ಬಂದಿತ್ತು.

ಇದು ಹುಟ್ಟಿನಿಂದ ಬಂದದ್ದು. ನಾನು ಹತ್ತು ಹನ್ನೊಂದು ವರ್ಷದವನಿದ್ದಾಗ ನಮ್ಮ ಹೊಸ ಮನೆ ಒಕ್ಕಲಿಗೆ ಕರೆಯಲು ಅಪ್ಪ ನನ್ನನ್ನು ತುರುವೇಕೆರೆ ಕಡೆಯ ಒಂದು ಊರಿಗೆ ಕಳಿಸಿದರು. ಏಳು ನೆಂಟರ ಮನೆ. ಮೊದಲ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ಎರಡನೆಯದರಲ್ಲೂ ಅದೇ. ಮೂರನೆಯ ಮನೆಯ ಅಜ್ಜಿ “ನಮ್ಮನೇಲಿ ಉಣ್ಣಲ್ಲ ಅಂತೀಯೇನೋ ಮಗಾ?” ಎಂದಳು. ಅಂತೀನಿ ಎನ್ನಲು ಬಾಯಿ ಬರಲಿಲ್ಲ. ನಾಲ್ಕನೆಯ ಮನೆಯಲ್ಲಿ ಕಾಯಿ ಒಬ್ಬಟ್ಟು ಇತ್ತು. ಐದನೆಯ ಮನೆಯಲ್ಲಿ ಮತ್ತೆ ಮುದ್ದೆ. ಆರನೆಯ ಮನೆಯ ಜಗಲಿಯ ಮೇಲೆ ನಾನು ಅಂಗಾತ ಮಲಗಿಬಿಟ್ಟೆ. ಅಷ್ಟರಲ್ಲಿ ಏಳನೆಯ ಮನೆಯವರು, ಮಗು ಎದ್ದು ಬರಲಾರದು ಪಾಪ ಎಂದು, ತಟ್ಟೆಯನ್ನು ಆ ಜಗಲಿಗೇ ತಂದರು. ಸಂಜೆ ನನ್ನನ್ನು ಒಬ್ಬರು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೊಬ್ಬರಿ ಮೂಟೆಯ ಹಾಗೆ ಅಡ್ಡ ಹಾಕಿಕೊಂಡು ಊರಿಗೆ ತಂದು ಇಳಿಸಿದರು. “ಬ್ಯಾಡ ಅನ್ನಾಕೆ ಬಾಯಿರಲಿಲ್ವೇನ್ಲಾ?” ಎಂದು ಅವ್ವ ಬೈದಳು. ಬಾಯಿತ್ತು. ಅದರಲ್ಲಿ ಮುದ್ದೆಯಿತ್ತು.

ಮುಂದೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಾನು ಫೋಟೋ ಸ್ಟುಡಿಯೋ ಹಾಕಿದೆ. ಜೊತೆಗೊಂದು ಜೆರಾಕ್ಸ್ ಮಿಷನ್. ನಾಲ್ಕು ದಿಕ್ಕಿನ ಬಸ್ಸು ನಿಲ್ಲುವ ಜಾಗ. ಬಸ್ಸಿಗೆ ಕಾಯುವವರೆಲ್ಲ “ರಾಜಣ್ಣ, ಒಸಿ ಇದನ್ನ ನೋಡ್ಕೊಂಡಿರಿ” ಎಂದು ಕೈಯಲ್ಲಿದ್ದದ್ದನ್ನು ನನ್ನ ಅಂಗಡಿಯಲ್ಲಿ ಇಟ್ಟುಹೋಗುವರು. ಬಾಳೆಗೊನೆ, ಪಂಪಿನ ಪೈಪು, ಚೀಲದಲ್ಲಿ ಕಟ್ಟಿದ ಹುಂಜ, ಒಮ್ಮೆ ಒಬ್ಬರ ಅತ್ತೆ. ಚಿಕ್ಕನಾಯಕನಹಳ್ಳಿಯ ಕಡೆಯ ಕುರಿಯವನೊಬ್ಬ “ಹತ್ತೇ ನಿಮಿಷ ಕಣಣ್ಣ, ಬಂದೆ” ಎಂದು ಒಂದು ಟಗರನ್ನು ಕಟ್ಟಿಹೋದ. ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ ಆ ಟಗರು ನನ್ನ ಸ್ಟುಡಿಯೋದ ಹಿಂಪರದೆಯಲ್ಲಿದ್ದ ಕಾಶ್ಮೀರವನ್ನು ಕೆಳಗಿನಿಂದ ತಿನ್ನುತ್ತ ಬಂದು, ದೋಣಿ, ಸರೋವರ ಎರಡನ್ನೂ ಮುಗಿಸಿ, ಬೆಟ್ಟದ ಬುಡಕ್ಕೆ ಬಾಯಿ ಹಾಕಿತ್ತು. ಅಲ್ಲಿಂದೀಚೆ ಕೆಲವು ತಿಂಗಳ ಕಾಲ ನಮ್ಮ ಕಡೆ ಮದುವೆಯಾದ ಹುಡುಗಿಯರ ಫೋಟೋಗಳಲ್ಲಿ ಹಿಮ ಮುಚ್ಚಿದ ಶಿಖರಗಳಿವೆ, ಅವುಗಳ ಕೆಳಗೆ ನನ್ನ ಅಂಗಡಿಯ ಗೋಡೆಯಿದೆ.

ನನ್ನ ಹೆಂಡತಿ ಗಿರಿಜೆ ಆ ಪರದೆಯನ್ನು ಮಡಚಿಡುತ್ತ ಹೇಳಿದಳು, “ರೀ, ಕನ್ನಡದಲ್ಲಿ ಆಗಲ್ಲ ಅನ್ನಕ್ಕೆ ನಿಮಗೆ ನಾಲಿಗೆ ಹೊರಳಲ್ಲ. ಇಂಗ್ಲಿಷಲ್ಲಾದ್ರೂ ಕಲ್ತ್ಕೊಳ್ರಿ. ಇಂಗ್ಲಿಷಲ್ಲಿ ಅಂದ್ರೆ ಯಾರಿಗೂ ಬೇಜಾರಾಗಲ್ಲ. ಅರ್ಥ ಆದ್ರೆ ತಾನೆ ಬೇಜಾರಾಗಕ್ಕೆ!”

ಹೀಗೆ ನಾನು ತಿಪಟೂರಿನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಒಂದು ಕೊಬ್ಬರಿ ಮಂಡಿಯ ಮೇಲಿನ ಕೋಣೆ. ಕೆಳಗೆ ಹಗಲೆಲ್ಲ ಕಾಯಿ ಸುರಿಯುವ ಸದ್ದು, ಮೇಲೆ ಕೊಬ್ಬರಿಯ ಸಿಹಿ ಕಮಟು ವಾಸನೆ. ಪಾಠ ಹೇಳುತ್ತಿದ್ದವರು ಸೋಮಶೇಖರಯ್ಯ ಮೇಷ್ಟ್ರು, ಹೈಸ್ಕೂಲಿನಿಂದ ನಿವೃತ್ತರಾದವರು. ಆರು ಜನ ವಿದ್ಯಾರ್ಥಿಗಳು. ಐದು ಜನಕ್ಕೆ ಕೆಲಸದ ಇಂಟರ್‌ವ್ಯೂ ಇತ್ತು. ನನಗೆ ಏನು ಬೇಕೆಂದು ಮೇಷ್ಟ್ರು ಕೇಳಿದಾಗ “ಇಲ್ಲ ಅನ್ನಾಕೆ ಕಲೀಬೇಕು ಸಾರ್” ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿ, “ಮೂವತ್ತು ವರ್ಷ ಪಾಠ ಮಾಡಿದೀನಿ. ಇಷ್ಟು ಸರಿಯಾದ ಕಾರಣಕ್ಕೆ ಇಂಗ್ಲಿಷ್ ಕಲಿಯೋಕೆ ಬಂದೋರು ನೀವೊಬ್ಬರೇ” ಎಂದರು.

ಬೋರ್ಡಿನ ಮೇಲೆ ಅವರು ಮೂರು ಕಂಬ ಎಳೆದರು. ಗೆಲ್ಲುವುದು, ಒಲ್ಲೆ ಎನ್ನುವುದು, ಮಾಡದೆ ಇರುವುದು. ಮೂರಕ್ಕೂ ಇಂಗ್ಲಿಷಿನವರಲ್ಲಿ ಬೇಕಾದಷ್ಟು ನುಡಿಗಟ್ಟುಗಳಿವೆಯಂತೆ. ಮೊದಲ ಕಂಬದಲ್ಲಿ ‘ಹ್ಯಾಂಡ್ಸ್ ಡೌನ್’ ಎಂದು ಬರೆದರು. ಕೈ ಕೆಳಗೆ ಬಿಟ್ಟುಕೊಂಡು ಗೆಲ್ಲುವುದು, ಅಂದರೆ ಬೆವರು ಸುರಿಸದೆ ಸಲೀಸಾಗಿ ಗೆಲ್ಲುವುದು. ಎರಡನೆಯ ಕಂಬದಲ್ಲಿ ‘ಟರ್ನ್ ಡೌನ್’, ‘ಥಂಬ್ಸ್ ಡೌನ್’, ‘ಪುಟ್ ಯುವರ್ ಫುಟ್ ಡೌನ್’. ಎಲ್ಲಕ್ಕೂ ಅರ್ಥ ಒಲ್ಲೆ.

ನಾನು ಎದ್ದು ನಿಂತೆ. “ಸಾರ್, ಕೈ ಕೆಳಗಿಟ್ರೆ ಗೆದ್ದಂಗೆ, ಹೆಬ್ಬೆಟ್ಟು ಕೆಳಗಿಟ್ರೆ ಬ್ಯಾಡ ಅಂದಂಗೆ. ಹೆಬ್ಬೆಟ್ಟು ಇರೋದು ಕೈಯಲ್ಲೇ ಅಲ್ವಾ ಸಾರ್?”

ಮೇಷ್ಟ್ರು ತಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ಬಹಳ ಹೊತ್ತು ನೋಡಿಕೊಂಡರು. “ಒಳ್ಳೇ ಪ್ರಶ್ನೆ. ಮುಂದಿನ ವಾರ ನೋಡಾನ” ಎಂದರು. ಅವರೂ ನಮ್ಮ ಕಡೆಯವರೇ.

ಮೂರನೆಯ ಕಂಬದಲ್ಲಿ ‘ಸಿಟ್ ಆನ್ ದ ಫೆನ್ಸ್’ ಇತ್ತು. ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ ಎಂದು ಬೇಲಿಯ ಮೇಲೆ ಕೂರುವುದು. “ನಮ್ಮ ಕಡೆ ಬೇಲಿ ಅಂದ್ರೆ ಮುಳ್ಳು ಸಾರ್” ಎಂದೆ. “ಅದಕ್ಕೇ ಬೇಗ ಇಳೀಬೇಕು ಅನ್ನೋದು” ಎಂದರು.

ವಾರಕ್ಕೊಬ್ಬರಿಗಾದರೂ ಇಂಗ್ಲಿಷಿನಲ್ಲಿ ಇಲ್ಲ ಎಂದು ಬರಬೇಕು, ಅದು ನನ್ನ ಹೋಮ್‌ವರ್ಕು. ದೇವರು ಕಳಿಸಿದ ಹಾಗೆ ಆ ಗುರುವಾರವೇ ಕುರಿಯವನು ಟಗರು ಹಿಡಿದುಕೊಂಡು ಬಂದ. ಹೊಸ ಟಗರು. “ಹತ್ತೇ ನಿಮಿಷ ಕಣಣ್ಣ.” ನಾನು ಎದೆ ಗಟ್ಟಿ ಮಾಡಿಕೊಂಡು “ನಾಟ್ ಮೈ ಕಪ್ ಆಫ್ ಟೀ” ಎಂದೆ. ಇದು ನನಗೆ ಒಗ್ಗುವ ಕೆಲಸವಲ್ಲ ಎಂದು ಅದರ ಅರ್ಥ. ಅವನ ಮುಖ ಅರಳಿತು. ಟಗರನ್ನು ಜೆರಾಕ್ಸ್ ಮಿಷನ್ನಿನ ಕಾಲಿಗೆ ಕಟ್ಟಿ ಎದುರು ಹೋಟೆಲಿಗೆ ಓಡಿದ. ಎರಡು ನಿಮಿಷದಲ್ಲಿ ಟೀ ತಂದ. “ಪೇಪರ್ ಕಪ್ಪಲ್ಲಿ ಕೊಡ್ತಿದ್ರು, ನಮ್ಮಣ್ಣ ಅದ್ರಲ್ಲಿ ಕುಡಿಯಲ್ಲ ಅಂತ ಹೇಳಿ ಪಿಂಗಾಣಿ ಕಪ್ಪಲ್ಲಿ ಹಾಕಿಸ್ಕೊಂಡು ಬಂದೆ” ಎಂದ. ಅಷ್ಟು ಮಾಡಿದ ಮೇಲೆ ಏನನ್ನಲಿ? ಟೀ ಕುಡಿದೆ. ಟಗರು ಒಬ್ಬರ ಪಹಣಿಯನ್ನು ತಿಂದಿತು.

ಇಷ್ಟೇ ಆಗಿದ್ದರೆ ನಗೆಯಾಟವಾಗಿ ಮುಗಿಯುತ್ತಿತ್ತು. ಅಷ್ಟರಲ್ಲಿ ನಮ್ಮೂರಿನ ನೀರಿನ ವಿಷಯ ಬಂತು.

ನಮ್ಮೂರಿನ ಕೊಳವೆಬಾವಿ ನೀರು ಕುಡಿದರೆ ಮಂಡಿ ಹಿಡಿದುಕೊಳ್ಳುತ್ತದೆ. ಅದಕ್ಕಾಗಿ ಊರ ಮುಂದೆ ಫಿಲ್ಟರ್ ನೀರಿನ ಒಂದು ಮನೆ ಕಟ್ಟಿದ್ದಾರೆ. ಅದನ್ನು ನೋಡಿಕೊಳ್ಳಲು ಊರಿನವರೇ ಮಾಡಿಕೊಂಡ ಒಂದು ಸಮಿತಿ. ಅದರ ಅಧ್ಯಕ್ಷ ನನ್ನ ದೊಡ್ಡಪ್ಪನ ಮಗ ಮಹಲಿಂಗಣ್ಣ. ಬೀಗದ ಕೈ ಅವನ ಉಡಿದಾರದಲ್ಲಿ. ಅವನು ಏಳುವುದು ಬೆಳಿಗ್ಗೆ ಎಂಟಕ್ಕೆ. ಆಮೇಲೆ ಸ್ನಾನ, ಪೂಜೆ, ತಿಂಡಿ, ಎಲೆ ಅಡಿಕೆ. ಬಾಗಿಲು ತೆಗೆಯುವ ಹೊತ್ತಿಗೆ ಹತ್ತಾಗುವುದು. ಐದೂವರೆಯಿಂದ ಖಾಲಿ ಕ್ಯಾನುಗಳು ಸಾಲಾಗಿ ಕೂತಿರುತ್ತಿದ್ದವು. ತೋಟದ ಕೆಲಸಕ್ಕೆ ಹೋಗುವವರು, ಸ್ಕೂಲಿಗೆ ಹೋಗುವ ಮಕ್ಕಳು, ಎಲ್ಲರೂ ಕೊಳವೆಬಾವಿ ನೀರನ್ನೇ ತುಂಬಿಕೊಂಡು ಹೋಗುತ್ತಿದ್ದರು. ಮಹಲಿಂಗಣ್ಣ ಬಂದು “ಲೇಟಾಯ್ತೇನ್ರಪ್ಪಾ?” ಎಂದು ಕೇಳುವನು. ಮುಂಜಾನೆಯಿಂದ ನಿಂತಿದ್ದವರೆಲ್ಲ ಒಟ್ಟಿಗೆ, “ಇಲ್ಲ ಬುಡಣ್ಣ, ಈಗ ಬಂದ್ವಿ” ಎನ್ನುವರು. ಆ ಒಟ್ಟಿಗೆ ಹೇಳುವವರಲ್ಲಿ ನನ್ನ ದನಿಯೇ ಜೋರು.

ಯಾಕೆಂದರೆ ಮಹಲಿಂಗಣ್ಣ ಎಂದರೆ ನನಗೆ ಪ್ರಾಣ. ನಾನು ಸ್ಟುಡಿಯೋ ತೆರೆದ ದಿನ ಮೊದಲ ಫೋಟೋ ತೆಗೆಸಿಕೊಂಡವನು ಅವನು. ಫೋಟೋದಲ್ಲಿ ಅವನ ಎರಡು ಕಣ್ಣೂ ಮುಚ್ಚಿಹೋಗಿದ್ದವು. “ಶಾನೆ ಚೆನ್ನಾಗೈತೆ ಬುಡ್ಲಾ” ಎಂದು ಅದನ್ನೇ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ. ಮನೆಗೆ ಬಂದ ಹೊಸಬರು ಅದಕ್ಕೆ ಕೈ ಮುಗಿಯುವುದುಂಟು.

ಆ ಬೇಸಿಗೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಜಯಮ್ಮನ ಅತ್ತೆ ಕ್ಯಾನಿನ ಸಾಲಿನಲ್ಲಿ ಬಿಸಿಲಿಗೆ ಕೂತು ಕೂತು ತಲೆ ಸುತ್ತಿ ಬಿದ್ದರು. ನೀರು ಚಿಮುಕಿಸಿ ಎಬ್ಬಿಸಬೇಕು, ನೀರಿನ ಮನೆಗೆ ಬೀಗ. ಸಾಲಿನಲ್ಲಿದ್ದವರ ಕೈ ಸೇರಿಸಿಕೊಂಡು ಜಯಮ್ಮ ಅತ್ತೆಯನ್ನು ಎತ್ತಿ ಕೂರಿಸಿದಳು. ಆ ಸಂಜೆಯೇ, ಈ ಸಲ ಸಮಿತಿಯ ಅಧ್ಯಕ್ಷಗಿರಿಗೆ ತಾನು ನಿಲ್ಲುವುದಾಗಿ ಹೇಳಿದಳು. ನಮ್ಮೂರಿನಲ್ಲಿ ಎರಡನೆಯವರು ನಿಂತದ್ದು ಅದೇ ಮೊದಲು. ಮುಂದಿನ ಭಾನುವಾರ ಬೆಳಿಗ್ಗೆ, ಮನೆಗೊಂದು ಕೈ ಎತ್ತಿಸಿ ಆರಿಸುವುದೆಂದು ತೀರ್ಮಾನವಾಯಿತು.

ಮಹಲಿಂಗಣ್ಣ ಅಂಗಡಿಗೆ ಬಂದ. “ರಾಜ, ನಿನ್ನ ಕೈ ನಂಗೆ ತಾನೇ?”

ನನ್ನ ಮನಸ್ಸು ಜಯಮ್ಮನ ಕಡೆಗಿತ್ತು. ನಾನು ಮೇಷ್ಟ್ರನ್ನು ನೆನೆದು, ಈ ಗೋಜಿಗೆ ನಾನು ಬರುವುದಿಲ್ಲ ಎನ್ನುವ ಅರ್ಥದಲ್ಲಿ, “ಐ ವಿಲ್ ಪಾಸ್” ಎಂದೆ.

“ಪಾಸಾಗದು ನೀನಲ್ಲ ಕಣ್ಲಾ, ನಾನು!” ಎಂದು ಮಹಲಿಂಗಣ್ಣ ಹಿಗ್ಗಿಹೋದ. “ನಿನ್ನ ಬಾಯಿಂದ ಬಂತಲ್ಲ, ಪಾಸಾದಂಗೇ ಬುಡು.” ಸಂಜೆಯ ಹೊತ್ತಿಗೆ ‘ರಾಜಣ್ಣ ಇಂಗ್ಲಿಷಲ್ಲೇ ಹೇಳವ್ನೆ, ಮಾಲಿಂಗಣ್ಣ ಪಾಸಂತೆ’ ಎಂದು ಊರೆಲ್ಲ ಸುದ್ದಿ.

ಮರುದಿನ ಜಯಮ್ಮ ಬಂದಳು. ಸೆರಗಿನಲ್ಲಿ ರಾಗಿ ಹಿಟ್ಟಿನ ಧೂಳು. “ಅಣ್ಣಾ, ಮಾಲಿಂಗಣ್ಣ ನಿಮ್ಮೋರು, ನಂಗೆ ಗೊತ್ತು. ಆದ್ರೂ ಕೇಳ್ತೀನಿ. ನನ್ನ ಕಡೆ ಇರ್ತೀರಾ?”

ಇರುತ್ತೇನೆ ಎಂದರೆ ಮಹಲಿಂಗಣ್ಣನಿಗೆ ಮೋಸ. ಇರುವುದಿಲ್ಲ ಎಂದರೆ ನನಗೇ ಮೋಸ. ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡ ಎನ್ನುವುದಕ್ಕೆ “ಕೌಂಟ್ ಮಿ ಔಟ್” ಎಂದೆ.

ಜಯಮ್ಮನಿಗೆ ಕೌಂಟ್ ಎನ್ನುವ ಪದ ಗೊತ್ತಿತ್ತು. “ಕೌಂಟಿಂಗಿಗೆ ನೀವೇ ನಿಲ್ತೀರಾ? ಒಳ್ಳೇದಾಯ್ತು ಕಣಣ್ಣ! ಎಲ್ರ ಮುಂದೆ ಔಟಲ್ಲೇ ಎಣಿಸ್ಬುಡಿ. ನಿಮ್ಮಷ್ಟು ನ್ಯಾಯವಂತ್ರು ಇನ್ಯಾರವ್ರೆ?” ಎಂದು ಕೈಮುಗಿದು ಹೋದಳು. ಒಂದು ಗಂಟೆಯೊಳಗೆ ನಾನು ಎಣಿಕೆಯ ಅಧಿಕಾರಿ.

ಆ ವಾರವೆಲ್ಲ ಊರಿನವರು ಒಬ್ಬೊಬ್ಬರಾಗಿ ಜೆರಾಕ್ಸಿನ ನೆಪದಲ್ಲಿ ಅಂಗಡಿಗೆ ಬಂದು ಗುಟ್ಟು ಹೇಳಿಹೋದರು. “ರಾಜಣ್ಣ, ಜಯಮ್ಮ ಕೇಳಿದ್ಲು, ಆಯ್ತು ಅಂದೆ. ಮಾಲಿಂಗಣ್ಣನೂ ಕೇಳ್ದ, ಅವ್ನಿಗೂ ಆಯ್ತು ಅಂದೆ. ಈಗ ಏನ್ಮಾಡದು?” ಶನಿವಾರದ ಹೊತ್ತಿಗೆ ಇಡೀ ಊರೇ ಇಬ್ಬರಿಗೂ ಮಾತು ಕೊಟ್ಟಿತ್ತು. ಜಯಮ್ಮನ ಗಂಡ ಕೂಡ. ನಾನು ತಿಪಟೂರಿಗೆ ಓಡಿದೆ. ಮೇಷ್ಟ್ರು ಎಲ್ಲವನ್ನೂ ಕೇಳಿ ಬೋರ್ಡಿನ ಮೂರು ಕಂಬಗಳನ್ನೂ ಒಮ್ಮೆ ನೋಡಿ, “ಇದು ಸಿಲಬಸ್ಸಿನಲ್ಲಿಲ್ಲ. ನಾನೇ ಬರ್ತೀನಿ ನಡೀರಿ” ಎಂದರು.

ಭಾನುವಾರ ಬೆಳಿಗ್ಗೆ ಫಿಲ್ಟರ್ ಮನೆಯ ಮುಂದೆ ಊರು ಸೇರಿತು. ಮೇಷ್ಟ್ರು ಒಂದು ಕುರ್ಚಿಯಲ್ಲಿ. ನಾನು ಕಾಗದ, ಪೆನ್ನು ಹಿಡಿದು ಮೆಟ್ಟಿಲ ಮೇಲೆ. ನಾನು ಎಣಿಸುವವನಾದ್ದರಿಂದ ನಮ್ಮ ಮನೆಯ ಕೈ ಗಿರಿಜೆಯದೆಂದು ಆಗಿತ್ತು. ಅವಳು ಮುಂದಿನ ಸಾಲಿನಲ್ಲಿ, ಮಹಲಿಂಗಣ್ಣನ ಹೆಂಡತಿಯ ಪಕ್ಕದಲ್ಲಿ ಕೂತಿದ್ದಳು. “ನಾನು ಜಯಮ್ಮಂಗೇ ಎತ್ತೋದು, ನಿಮ್ಮಂಗೆ ಅಲ್ಲ ನಾನು” ಎಂದು ಮನೆಯಲ್ಲೇ ಹೇಳಿ ಬಂದಿದ್ದಳು.

“ಮಹಲಿಂಗಣ್ಣನ ಕಡೆಯವರು ಕೈ ಎತ್ತಿ” ಎಂದೆ.

ಒಂದು ಕೈಯೂ ಮೇಲೇಳಲಿಲ್ಲ. ಎತ್ತಿದರೆ ಜಯಮ್ಮ ನೋಡುತ್ತಾಳೆ. ಒಬ್ಬರ ಮೂಗಿನ ಮೇಲೆ ನೊಣ ಕೂತಿತ್ತು. ಓಡಿಸಲು ಕೈ ಎತ್ತಿದರೆ ಓಟಾದೀತೆಂದು ಅವರು ಮೂಗನ್ನೇ ಆ ಕಡೆ ಈ ಕಡೆ ಆಡಿಸಿದರು. ಹೆಂಗಸೊಬ್ಬಳು ಜಾರಿದ ಸೆರಗನ್ನು ಜಾರಲು ಬಿಟ್ಟು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಆಗಲೇ ಹಿಂದಿನ ಸಾಲಿನಲ್ಲಿ ಒಂದು ಕೈ ಕಂಡಿತು. ಸ್ಕೂಟರಿನಿಂದ ಬಿದ್ದು ತೋಳು ಮುರಿದುಕೊಂಡಿದ್ದ ನಂಜುಂಡಪ್ಪ. ಡಾಕ್ಟರು ಅವನ ಕೈಯನ್ನು ಮೇಲೆತ್ತಿದ ಹಾಗೇ ಹಿಡಿದು ಸಿಮೆಂಟಿನಂಥ ಪಟ್ಟಿ ಹಾಕಿದ್ದರು. “ಇದು ಓಟಲ್ಲ ಕಣ್ರೋ, ಇದು ಮೂಳೆ!” ಎಂದು ಅವನು ಅಂಗಲಾಚಿದ. ಆದರೂ ಎತ್ತಿದ ಕೈ ಎತ್ತಿದ್ದೇ ಎಂದು ಬರೆದುಕೊಂಡೆ. ಒಂದು.

“ಜಯಮ್ಮನ ಕಡೆಯವರು.”

ಮತ್ತೆ ಅದೇ ಕಥೆ. ಜಯಮ್ಮ ಗಂಡನ ಕಡೆ ನೋಡಿದಳು. ಅವನು ಬಗ್ಗಿ ಚಪ್ಪಲಿಯ ಉಂಗುಟವನ್ನು ಪರೀಕ್ಷಿಸುತ್ತಿದ್ದ. ನಂಜುಂಡಪ್ಪ ತನ್ನ ಕೈಗೆ ಟವೆಲ್ ಮುಚ್ಚಿದ್ದ. ಟವೆಲ್ಲಿನೊಳಗೂ ಅದು ಎತ್ತಿಯೇ ಇತ್ತು. ಒಂದು. ಒಂದಕ್ಕೊಂದು ಸಮ.

ಇಡೀ ಊರು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿತ್ತು. ಸೋಮಶೇಖರಯ್ಯ ಮೇಷ್ಟ್ರು ಆ ದೃಶ್ಯವನ್ನು ನೋಡುತ್ತ ನೋಡುತ್ತ ಕುರ್ಚಿಯಿಂದ ಎದ್ದರು. ಅವರ ಕಣ್ಣಲ್ಲಿ ನೀರಿತ್ತು. “ಹ್ಯಾಂಡ್ಸ್ ಡೌನ್!” ಎಂದರು. “ಜೀವಮಾನವೆಲ್ಲ ಹೇಳಿಕೊಟ್ಟೆ, ಕಣ್ಣಾರೆ ಕಂಡಿರಲಿಲ್ಲ. ಇಬ್ಬರೂ ಹ್ಯಾಂಡ್ಸ್ ಡೌನ್ ಗೆದ್ದಿದ್ದಾರೆ!”

ಮೇಷ್ಟ್ರು ಹೇಳಿದ ಮೇಲೆ ಸರಿಯೇ ಇರಬೇಕೆಂದು ಜನ ಚಪ್ಪಾಳೆ ತಟ್ಟಿದರು. ಕೈ ಆಡಿಸಲು ಅವಕಾಶ ಸಿಕ್ಕಿದ್ದಕ್ಕೋ ಏನೋ, ಬಹಳ ಹೊತ್ತು ತಟ್ಟಿದರು. ಮಹಲಿಂಗಣ್ಣ “ಅಂಗಂದ್ರೆ ನಾನು ಗೆದ್ನಾ?” ಎಂದು ನನ್ನನ್ನು ಕೇಳಿದ. ಗೆದ್ದೆಯಣ್ಣ ಎಂದೆ. ಅವನು ಉಡಿದಾರದ ಬೀಗದ ಕೈಯನ್ನು ತಡವಿಕೊಂಡ. ಜನ ಏಳತೊಡಗಿದರು. ಎಲ್ಲರ ಮುಖದಲ್ಲೂ ಗಂಡಾಂತರ ಕಳೆದ ನೆಮ್ಮದಿ.

ಜಯಮ್ಮ ಮಾತ್ರ ಎದ್ದಿರಲಿಲ್ಲ. “ಹಂಗಾದ್ರೆ ನಾಳೆಗೆ ಬಾಗ್ಲು ಯಾವಾಗ ತೆಗೀತಾರೆ?” ಎಂದಳು. ಎದ್ದವರು ಹಾಗೇ ಮತ್ತೆ ಕೂತರು. ಅವಳು ನನ್ನ ಕಡೆ ತಿರುಗಿದಳು. “ಅಣ್ಣಾ, ನಮ್ಮತ್ತೆ ಇದೇ ಜಾಗದಲ್ಲಿ ಬಿದ್ದಾಗ ನೀವು ಸಾಲಲ್ಲೇ ಇದ್ರಿ. ನೀವೇ ಕಾಲು ಹಿಡಿದು ಎತ್ತಿದ್ರಿ. ನಿಮ್ಮ ಇಂಗ್ಲಿಷ್ ನಂಗೆ ಬರಲ್ಲ. ನೀವು ಯಾರ ಕಡೆ, ಒಂದ್ ಮಾತು ಹೇಳಿ.”

ಅಷ್ಟು ಕಣ್ಣುಗಳು ಒಟ್ಟಿಗೆ ನನ್ನ ಮೇಲೆ ಬಿದ್ದದ್ದು ನನ್ನ ಮದುವೆಯಲ್ಲೂ ಇರಲಿಲ್ಲ. ನಾನು ಬೋರ್ಡಿನ ಮೂರು ಕಂಬಗಳನ್ನೂ ಮನಸ್ಸಿನಲ್ಲಿ ತಡಕಿದೆ. ಒಂದು ನುಡಿಗಟ್ಟೂ ಸಿಗಲಿಲ್ಲ. ಮೇಷ್ಟ್ರ ಕಡೆ ನೋಡಿದೆ. ಅವರು ಆಕಾಶ ನೋಡುತ್ತಿದ್ದರು. ಮಹಲಿಂಗಣ್ಣ ನನ್ನನ್ನೇ ನೋಡುತ್ತಿದ್ದ, ಪಾಸಾದವನ ನಗೆಯಲ್ಲಿ. ಆ ನಗೆ ನೋಡಿ ನನಗೆ ಅಳು ಬಂತು.

“ಮಾಲಿಂಗಣ್ಣಾ” ಎಂದೆ. “ನಾನು ನಿನ್ ಕಡೆ ಇಲ್ಲ ಕಣಣ್ಣ. ನೀನು ಬಾಗ್ಲು ತೆಗೆಯೋದು ಶಾನೆ ಲೇಟು. ನಾವ್ಯಾರೂ ಆಗ್ತಾನೆ ಬಂದಿರಲ್ಲ. ಐದೂವರೆಗೇ ಬಂದಿರ್ತೀವಿ.”

ಕನ್ನಡದಲ್ಲಿ ಇಲ್ಲ ಎಂದು ನಾನು ಹೇಳಿದ ಮೊದಲ ಮಾತು ಅದು. ಹೇಳಿ ಕೈ ಎತ್ತಿದೆ, ಜಯಮ್ಮನ ಕಡೆಗೆ. ಪೆನ್ನು ಹಿಡಿದ ಕೈ. ಗಿರಿಜೆ ಮಹಲಿಂಗಣ್ಣನ ಹೆಂಡತಿಯಿಂದ ಕೈ ಬಿಡಿಸಿಕೊಂಡು ಎತ್ತಿದಳು. ಆ ಹೆಂಗಸು ಬೆಳಿಗ್ಗೆಯಿಂದ ಇವಳ ಕೈ ಹಿಡಿದೇ ಕೂತಿದ್ದಳಂತೆ. ಆಮೇಲೆ ಜಯಮ್ಮನ ಗಂಡ ಚಪ್ಪಲಿ ಬಿಟ್ಟು ಎದ್ದುನಿಂತು ಎತ್ತಿದ. ಹಿಂದಿನಿಂದ ಒಂದು, ಬದಿಯಿಂದ ಎರಡು, ಆಮೇಲೆ ನನಗೆ ಎಣಿಸಲಾಗಲಿಲ್ಲ. ನಂಜುಂಡಪ್ಪ ಟವೆಲ್ ತೆಗೆದು ಹಾಕಿ “ಈಗ ಬರ್ಕೋ, ಈಗ ಇದು ಓಟೇ” ಎಂದ.

ಮಹಲಿಂಗಣ್ಣ ಸುತ್ತ ನೋಡಿದ. ಕೋಪ ಬಂದೀತೆಂದು ನಾನು ಕಾದೆ. ಬರಲಿಲ್ಲ.

“ಐದೂವರೆಗೆ ಬಂದಿರ್ತಿದ್ರಾ?” ಎಂದ. “ದಿನಾ ಕೇಳ್ತಿದ್ನಲ್ರೋ ನಾನು, ಲೇಟಾಯ್ತಾ ಅಂತ! ಒಬ್ರಾದ್ರೂ ಹೂಂ ಅಂದಿದ್ರೆ ನಾನು ಎದ್ದು ಬರ್ತಿರಲಿಲ್ವಾ? ಯಾರೂ ಬಂದಿರಲ್ಲ, ಬೇಗ ಹೋಗಿ ಏನ್ಮಾಡದು ಅಂತ ತಾನೆ ನಾನು ಮಲಗ್ತಿದ್ದದ್ದು!” ಉಡಿದಾರದಿಂದ ಬೀಗದ ಕೈ ಬಿಚ್ಚಲು ಹೋದ. ಗಂಟು ಬಿಗಿದುಹೋಗಿತ್ತು. ಬಿಚ್ಚುತ್ತಲೇ ಹೇಳಿದ, “ಈ ಬೀಗದ ಕೈ ನಂಗೆ ಬೇಕಾಗಿತ್ತು ಅನ್ಕೊಂಡ್ರಾ? ಎಂಟು ದಿನ ಇಟ್ಕೊಂಡಿರಣ್ಣ ಅಂತ ಕೊಟ್ರಿ. ವಾಪಸ್ ತಗೊಳ್ಳಿ ಅನ್ನಾಕೆ ನಂಗೆ ಬಾಯಿ ಬರಲಿಲ್ಲ. ಈ ಸಲ ಬ್ಯಾಡ ಅನ್ನಾನ ಅಂತಿದ್ದೆ. ಅಷ್ಟರಲ್ಲಿ ಇವ್ನು ಪಾಸಾಯ್ತೀಯ ಅಂದ!”

ಗಂಟು ಬಿಚ್ಚಲಿಲ್ಲ. ಕೊನೆಗೆ ಜಯಮ್ಮ ಗಿರಣಿಯಿಂದ ಕತ್ತರಿ ತಂದಳು. ಬೀಗದ ಕೈ ಅವಳಿಗೆ ಸೇರಿತು. ಮಹಲಿಂಗಣ್ಣ ಪಂಚೆಯನ್ನು ಬಲಗೈಯಲ್ಲಿ ಹಿಡಿದುಕೊಂಡು, ನನ್ನ ಮುಖ ನೋಡದೆ ಮನೆಗೆ ಹೋದ.

ಮಧ್ಯಾಹ್ನ ಮೇಷ್ಟ್ರನ್ನು ಬಸ್ಸಿಗೆ ಬಿಡಲು ಹೋದೆ. ಅವರು “ರಾಜಣ್ಣ, ಇನ್ನು ನೀವು ಕ್ಲಾಸಿಗೆ ಬರಬೇಕಾಗಿಲ್ಲ” ಎಂದರು. ನಾನು ಹೊಗಳಿಕೆಯೆಂದುಕೊಂಡೆ. “ನೀವು ಬಂದ್ರೆ ಮಿಕ್ಕ ಐದು ಜನರ ಇಂಗ್ಲಿಷೂ ಹಾಳಾಗುತ್ತೆ” ಎಂದು ಬಸ್ಸು ಹತ್ತಿದರು.

ಒಂಬತ್ತು ದಿನ ಮಹಲಿಂಗಣ್ಣ ನನ್ನ ಜೊತೆ ಮಾತು ಬಿಟ್ಟ. ಅಂಗಡಿಯ ಮುಂದೆ ಹೋಗುವಾಗ ಎದುರಿನ ಬೇಕರಿಯನ್ನೇ ನೋಡುತ್ತ ಹೋಗುತ್ತಿದ್ದ. ನನಗೆ ಅನ್ನ ಸೇರಲಿಲ್ಲ. ಇಲ್ಲ ಎಂದು ಹೇಳುವುದು ಸುಲಭ, ಹೇಳಿದ ಮೇಲಿನ ದಿನಗಳಿಗೆ ಯಾವ ಮೇಷ್ಟ್ರೂ ಪಾಠ ಮಾಡುವುದಿಲ್ಲ. “ಹೋಗಿ ತಪ್ಪಾಯ್ತು ಅನ್ನ್ರಿ” ಎಂದಳು ಗಿರಿಜೆ. ಆಮೇಲೆ ತಾನೇ, “ಬ್ಯಾಡ, ತಪ್ಪಾಗಿಲ್ವಲ್ಲ” ಎಂದಳು.

ಹತ್ತನೆಯ ದಿನ ಬೆಳಗಿನ ಐದೂವರೆಗೆ ನಾನು ಕ್ಯಾನು ಹಿಡಿದು ಹೋದಾಗ ಜಯಮ್ಮ ಆಗಲೇ ಬಾಗಿಲು ತೆಗೆದಿದ್ದಳು. ಸಾಲಿನಲ್ಲಿ ನನ್ನ ಮುಂದೆ ಮಂಕಿ ಟೋಪಿ ಹಾಕಿಕೊಂಡು ಯಾರೋ ನಿಂತಿದ್ದರು. ತಿರುಗಿದಾಗ ನೋಡಿದರೆ ಮಹಲಿಂಗಣ್ಣ. ನಿದ್ದೆಗಣ್ಣು. ಅಷ್ಟು ಹೊತ್ತಿನ ಬೆಳಕಿನಲ್ಲಿ ನಾನು ಅವನನ್ನು ನೋಡಿಯೇ ಇರಲಿಲ್ಲ. ಅವನ ಕ್ಯಾನು ತುಂಬಿತು. ಅವನು ಎತ್ತಲು ನೋಡಿದ, ಅರ್ಧಕ್ಕೆ ಎತ್ತಿ ಸೊಂಟ ಹಿಡಿದುಕೊಂಡ. ನಾನು ಮುಂದೆ ಬಂದು ಹಿಡಿಕೆಗೆ ಕೈ ಹಾಕಿದೆ.

“ಬ್ಯಾಡ ಬುಡು” ಎಂದ.

ನಾನು ಕೈ ತೆಗೆದೆ. ಬೇಡ ಎಂದವರಿಗೆ ಬೇಡವೇ ಎಂದು ನಾನು ಈಗಷ್ಟೇ ಕಲಿತಿದ್ದೆನಲ್ಲ. ಅವನು ಕ್ಯಾನನ್ನು ಎಳೆದಾಡುತ್ತ ನಾಲ್ಕು ಹೆಜ್ಜೆ ಹೋದ. ನಿಂತ. ಕೆಳಗಿಟ್ಟ. ಹಿಂದಿರುಗಿ ನನ್ನನ್ನು ದುರುಗುಟ್ಟಿ ನೋಡಿದ.

“ಬ್ಯಾಡ ಅಂದ್ರೆ ಬುಟ್ಟೇ ಬುಡದೇನ್ಲಾ? ಬಂದು ಹಿಡ್ಕೋ ಆ ಕಡೇನ” ಎಂದ.